ದೊರೆಮನೆಯ ಕಬ್ಬಿಣ

ಬೆಳಿಗ್ಗೆ ಏಳು ಗಂಟೆ ಇಪ್ಪತ್ತು ನಿಮಿಷಕ್ಕೆ ಅದು ಶುರುವಾಯಿತು. ಏಪ್ರಿಲ್ ತಿಂಗಳಿನ ಒಂದು ಗುರುವಾರ. ಮದುವೆ ಕಾರ್ಡುಗಳ ಕಾಲವಾದ್ದರಿಂದ ನಾವಿಬ್ಬರೂ ಮನೆಯಿಂದ ಬೇಗ ಹೊರಟಿದ್ದೆವು. ಚಾಮರಾಜಪೇಟೆಯ ಒಂದು ಅಡ್ಡರಸ್ತೆಯಲ್ಲಿರುವ ನಮ್ಮ ಪ್ರೆಸ್ಸಿನ ಮುಂದೆ ನನ್ನ ಗಂಡ ವಿನ್ಸೆಂಟ್ ಸ್ಕೂಟರ್ ನಿಲ್ಲಿಸಿದರು, ಬೀಗ ತೆಗೆದರು, ಷಟರ್ ಎತ್ತಲು ಬಗ್ಗಿದರು. ಸೊಂಟದ ಮಟ್ಟಕ್ಕೆ ಎತ್ತಿದರು. ಅಲ್ಲಿಂದ ಅದು ಮೇಲೆ ಹೋಗಲಿಲ್ಲ. ಏನನ್ನೋ ಮರೆತವರ ಹಾಗೆ ನನ್ನ ಕಡೆ ತಿರುಗಿ ನೋಡಿದರು. ಷಟರ್ ಧಡಾರನೆ ಕೆಳಗೆ ಬಿತ್ತು. ಅದರ ಹಿಂದೆಯೇ ಅವರೂ ಬಿದ್ದರು.

ನಾನು ಮೊದಲು ನೋಡಿದ್ದು ಅವರ ಕಾಲಿನ ಬೆರಳು ಷಟರ್ ಅಡಿಗೆ ಸಿಕ್ಕಿಕೊಂಡಿದೆಯೇ ಎಂದು. ನನ್ನ ತಲೆಗೆ ಹೊಳೆದ ಅಪಾಯ ಅಷ್ಟೇ ಸಣ್ಣದು. ಎದುರಿನ ಬೈಂಡಿಂಗ್ ಅಂಗಡಿಯ ರಫೀಕ್ ಭಾಯಿ ಓಡಿಬಂದು ಕೈ ಹಿಡಿದು ನಾಡಿ ನೋಡಿದರು. "ಅಮ್ಮಾ, ಇದು ಹೆಂಗೆಂಗೋ ಹೊಡ್ಕೊಳ್ತಿದೆ. ಆಂಬುಲೆನ್ಸ್ ಕಾಯ್ಬೇಡಿ, ಆಟೋಗೆ ಹಾಕಿ" ಎಂದರು. ಆಟೋದಲ್ಲಿ ವಿನ್ಸೆಂಟರ ತಲೆ ನನ್ನ ತೊಡೆಯ ಮೇಲಿತ್ತು. ಮುಖ ಬೂದಿ ಬಳಿದ ತಾಮ್ರದ ಹಾಗಿತ್ತು. ಸಿಗ್ನಲ್ಲಿನಲ್ಲಿ ಆಟೋ ನಿಂತಾಗಲೆಲ್ಲ ಅವರ ಎದೆಯೂ ನಿಂತಿತೆಂದು ಅನಿಸುತ್ತಿತ್ತು.

ಅದಾಗಿ ಎರಡು ವರ್ಷ ಕಳೆದಿದೆ. ಕಳೆದ ವಾರ ಗಾಂಧಿ ಬಜಾರಿನಲ್ಲಿ ಒಂದು ಪಾತ್ರೆ ಅಂಗಡಿಯ ಮುಂದೆ ಹೊಸ ಕಬ್ಬಿಣದ ಬಾಣಲೆಗೆ ಎಣ್ಣೆ ಸವರಿ ಕಾಯಿಸಿ ಪಳಗಿಸುತ್ತಿದ್ದರು. ಆ ವಾಸನೆ ಮೂಗಿಗೆ ಬಡಿಯಿತು. ಅಂಗಡಿಯವನ ಸ್ಟೂಲಿನ ಮೇಲೆ ಕೂತುಬಿಟ್ಟೆ. "ಬಿಸಿಲು ಜಾಸ್ತಿ ಮೇಡಂ, ನೀರು ಕುಡೀರಿ" ಎಂದ ಅವನು. ಬಿಸಿಲಲ್ಲ ಎಂದು ಅವನಿಗೆ ಹೇಗೆ ಹೇಳಲಿ? ಬಾಣಲೆಯ ವಿಷಯ ಹೇಳಬೇಕಾದರೆ ಐರ್ಲೆಂಡಿನ ಒಂದು ದೊರೆಮನೆಯ ವಿಷಯ ಹೇಳಬೇಕು. ಅದನ್ನು ಹೇಳುವ ಮೊದಲು ನಾನು ಮಾಡಿದ್ದನ್ನು ಹೇಳಬೇಕು.

ವಿನ್ಸೆಂಟರಿಗೆ ಆಗ ನಲವತ್ತಾರು. ಬೀಳುವುದಕ್ಕೆ ಮೊದಲು ಎರಡು ವರ್ಷದಿಂದ ಅವರಿಗೆ ಸುಸ್ತು. ಮಧ್ಯಾಹ್ನ ಊಟವಾದ ಮೇಲೆ ಪೇಪರ್ ರೀಮುಗಳಿಗೆ ಒರಗಿ ಕಣ್ಣು ಮುಚ್ಚುತ್ತಿದ್ದರು. ಕೈಯ ಮೊದಲ ಎರಡು ಬೆರಳುಗಳ ಗೆಣ್ಣು ಊದಿ, ಅಕ್ಷರ ಜೋಡಿಸುವುದಿರಲಿ, ಷರ್ಟಿನ ಗುಂಡಿ ಹಾಕುವುದಕ್ಕೂ ನನ್ನನ್ನು ಕರೆಯುವಂತಾಯಿತು. ಸಕ್ಕರೆ ಕಾಯಿಲೆ ಬಂತು. ಮೈಬಣ್ಣ ಕಂದಿತು. ನನ್ನ ಅತ್ತೆ ಮೇರಿಯಮ್ಮನವರದು ಒಂದೇ ತೀರ್ಮಾನ: "ರಕ್ತ ಇಲ್ಲ ಕಣಮ್ಮ ಇವನ ಮೈಯಲ್ಲಿ. ನೋಡು, ಹೆಂಗೆ ಬಾಡ್ಹೋಗಿದಾನೆ."

ನಾನು ಬಿ.ಎಸ್ಸಿ. ಓದಿದವಳು. ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ, ರಸಾಯನಶಾಸ್ತ್ರ. ರಕ್ತ ಕಡಿಮೆ ಇದೆಯೇ ಎಂದು ಪರೀಕ್ಷೆ ಮಾಡಿಸಬೇಕೆಂದು ನನಗೆ ಹೊಳೆಯಲಿಲ್ಲ. ಹೊಳೆಯಿತು ಎಂದೇ ಇಟ್ಟುಕೊಳ್ಳಿ, ಅತ್ತೆಯ ಮಾತಿಗೆ ಎದುರಾಡುವ ಮನಸ್ಸಿರಲಿಲ್ಲ. ಅಂದಿನಿಂದ ಸೊಪ್ಪಿನ ಪಲ್ಯವೆಲ್ಲ ಕಬ್ಬಿಣದ ಬಾಣಲೆಯಲ್ಲೇ. ದಿನ ಬಿಟ್ಟು ದಿನ ನುಗ್ಗೆಸೊಪ್ಪು. ಸಕ್ಕರೆ ಕಾಯಿಲೆ ಬರುವ ತನಕ ಖರ್ಜೂರ, ಬೆಲ್ಲ. ಔಷಧಿ ಅಂಗಡಿಯಿಂದ ಕಬ್ಬಿಣದ ಟಾನಿಕ್, ಬೆಳಿಗ್ಗೆ ಸಂಜೆ ಎರಡೆರಡು ಚಮಚ. ಟಾನಿಕ್ ಮೈಗೆ ಚೆನ್ನಾಗಿ ಹತ್ತಬೇಕಾದರೆ ಹುಳಿ ಬೇಕು ಎಂದು ಎಲ್ಲೋ ಓದಿದ್ದೆ. ಓದಿದವಳಲ್ಲವೇ, ಅದರ ಜೊತೆಗೆ ನೆಲ್ಲಿಕಾಯಿ ರಸವನ್ನೂ ನಾನೇ ಸೇರಿಸಿದೆ. ವಿನ್ಸೆಂಟ್ ಮುಖ ಸಿಂಡರಿಸಿ, "ಮೊಳೆ ಚೀಪಿದ ಹಾಗಿದೆ ಕಣೇ" ಎನ್ನುತ್ತಿದ್ದರು. "ಮಕ್ಕಳ ಹಾಗಾಡ್ಬೇಡಿ, ಕುಡೀರಿ" ಎಂದು ನಾನು ಗದರುತ್ತಿದ್ದೆ.

ಆಸ್ಪತ್ರೆಯಲ್ಲಿ ಕರೆಂಟ್ ಕೊಟ್ಟು ಎದೆಬಡಿತ ಸರಿಮಾಡಿದರು. ಆಮೇಲೆ ಡಾಕ್ಟರು ಕೇಳಿದ ಮೊದಲ ಪ್ರಶ್ನೆ, "ಕುಡೀತಾರಾ?"

"ಇಲ್ಲ."

ಅವರು ಫೈಲಿನ ಮೇಲಿದ್ದ ಹೆಸರು ನೋಡಿದರು. ವಿನ್ಸೆಂಟ್. ಮತ್ತೆ ನನ್ನ ಮುಖ ನೋಡಿದರು. "ನಿಜ ಹೇಳಿ ಮೇಡಂ. ಲಿವರ್ ಕಲ್ಲಾಗಿದೆ. ಮುಚ್ಚಿಟ್ರೆ ನಮಗೆ ಟ್ರೀಟ್ಮೆಂಟ್ ಕಷ್ಟ."

ಆರು ದಿನಗಳಲ್ಲಿ ಆರು ಜನ ಅದೇ ಪ್ರಶ್ನೆ ಕೇಳಿದರು. ಕ್ರಿಸ್ಮಸ್ಸಿಗೆ ಅತ್ತೆ ಮಾಡುವ ದ್ರಾಕ್ಷಿ ವೈನನ್ನೂ ವಿನ್ಸೆಂಟ್ ಮುಟ್ಟುವವರಲ್ಲ. ಅವರ ತಂದೆ ಐವತ್ತೊಂದನೇ ವಯಸ್ಸಿನಲ್ಲಿ ಹೊಟ್ಟೆ ಊದಿ ತೀರಿಕೊಂಡರು. ಕುಡಿತದಿಂದ ಎಂದು ಓಣಿಗೆಲ್ಲ ಗೊತ್ತು. ಆ ಅವಮಾನದಿಂದಲೇ ಮಗ ಬಾಟಲಿಯ ವಾಸನೆಗೂ ದೂರ. ಆರನೆಯವರು ಕೇಳಿದಾಗ ಅತ್ತೆ ಕೊರಳಿನ ಜಪಮಣಿ ಹಿಡಿದು, "ನನ್ ಮಗ ಕುಡಿಯಲ್ಲ ಕಣ್ರೀ! ನನ್ ಗಂಡನ್ನ ಹಿಂಗೇ ಅಂದ್ರಿ, ಸುಮ್ನಿದ್ದೆ. ಇವನ್ನ ಅನ್ಬೇಡಿ" ಎಂದು ವಾರ್ಡಿನ ನಡುವೆಯೇ ಕೂಗಿದರು. ಡಾಕ್ಟರು ಫೈಲಿನಲ್ಲಿ ಏನೋ ಬರೆದುಕೊಂಡರು. ಮನೆಯವರು ಒಪ್ಪುತ್ತಿಲ್ಲ ಎಂದು ಬರೆದಿದ್ದರೆಂದು ಆಮೇಲೆ ತಿಳಿಯಿತು.

ಮನೆಗೆ ಕಳಿಸಿದರು. ಆ ವರ್ಷ ಎನ್.ಆರ್. ಕಾಲೋನಿಯ ನಮ್ಮ ಬೀದಿಯ ಬೋರ್‌ವೆಲ್ ಬತ್ತಿ, ಟ್ಯಾಂಕರ್ ಬಂದಾಗ ಬಿಂದಿಗೆ ಹಿಡಿಯುವ ಗಲಾಟೆ. ಮರದ ಎಲೆಯೊಂದೂ ಅಲುಗದ ಮಧ್ಯಾಹ್ನಗಳು. ವಿನ್ಸೆಂಟ್ ಮಲಗಿದರೆ ಉಸಿರು ಕಟ್ಟುತ್ತಿತ್ತು. ಮೂರು ದಿಂಬು ಒರಗಿ ಕೂತೇ ನಿದ್ದೆ ಮಾಡುವರು. ನಾನು ಪಕ್ಕದಲ್ಲಿ ಕೂತು ಅವರ ಉಸಿರು ಎಣಿಸುವೆನು. ಎಣಿಕೆ ತಪ್ಪಿದರೆ ಎದೆಯ ಮೇಲೆ ಕೈಯಿಟ್ಟು ನೋಡುವೆನು. ಅತ್ತೆ ಪಕ್ಕದ ಕೋಣೆಯಲ್ಲಿ ಜಪ ನಿಲ್ಲಿಸುತ್ತಿರಲಿಲ್ಲ. ಹೀಗೆ ಮೂವರಿಗೂ ನಿದ್ದೆ ಎನ್ನುವುದು ಹೋಯಿತು. ಮೇ ಕೊನೆಯಲ್ಲಿ ಆಲಿಕಲ್ಲು ಮಳೆ ಬಿದ್ದು ಊರೆಲ್ಲ ತಣ್ಣಗಾದ ದಿನ ಅವರ ಕಾಲು ಕಂಬದ ಹಾಗೆ ಊದಿಕೊಂಡಿತು. ಮತ್ತೆ ಆಸ್ಪತ್ರೆ.

ಈ ಸಲ ದೊಡ್ಡ ಡಾಕ್ಟರು ನನ್ನನ್ನು ಹೊರಗೆ ಕರೆದು ಹೇಳಿದರು: "ಹೀಗೇ ಹೋದ್ರೆ ಆರು ತಿಂಗಳು ಕಷ್ಟ ಅಮ್ಮ. ಲಿವರ್ ಬದಲಾಯಿಸೋಣ ಅಂದ್ರೆ ಹಾರ್ಟ್ ತಡ್ಕೊಳಲ್ಲ. ಹಾರ್ಟ್ ಯಾಕೆ ಕೆಟ್ಟಿದೆ ಅಂತ್ಲೇ ಗೊತ್ತಾಗ್ತಿಲ್ಲ." ರಿಪೋರ್ಟುಗಳಲ್ಲಿ ಫೆರಿಟಿನ್ ಎಂಬುದು ತುಂಬಾ ಹೆಚ್ಚಿತ್ತು. ಕೇಳಿದೆ. "ಲಿವರ್ ಕೆಟ್ಟಾಗ ಅದೂ ಏರುತ್ತೆ. ಕುಡಿಯೋರಲ್ಲಿ ಕಾಮನ್" ಎಂದರು.

ನಾನು ಅಳಲಿಲ್ಲ. ಹೊರಗೆ ಹೋಗಿ ಹೊಸ ಟಾನಿಕ್ ಬಾಟಲಿ ತಂದೆ. ಆಸ್ಪತ್ರೆಯವರು ಕೊಡದಿದ್ದರೇನು, ಕೊನೆಗೆ ರಕ್ತವಾದರೂ ಇರಲಿ ಎಂದು. ಸಿಸ್ಟರುಗಳಿಗೆ ಕಾಣದ ಹಾಗೆ ಸೆರಗಿನ ಮರೆಯಲ್ಲಿ ಕೊಡುತ್ತಿದ್ದೆ. ಅವರು ಕಣ್ಣು ಮುಚ್ಚಿಕೊಂಡೇ ಬಾಯಿ ತೆರೆಯುತ್ತಿದ್ದರು. ಬೇರೆಲ್ಲ ಮರೆತರೂ ಆ ತೆರೆದ ಬಾಯಿ ನನ್ನ ಕಣ್ಣಿಂದ ಹೋಗುವುದಿಲ್ಲ.

ಲೂಯಿಸ್ ಚಿಕ್ಕಪ್ಪ ವಿನ್ಸೆಂಟರ ತಂದೆಯ ತಮ್ಮ. ಅಂಚೆ ಕಚೇರಿಯಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದವರು, ಮದುವೆಯಾಗದವರು, ನಮ್ಮ ಮಹಡಿಯ ಕೋಣೆಯಲ್ಲಿರುವವರು. ಅವರ ಬದುಕಿನಲ್ಲಿದ್ದದ್ದು ಒಂದೇ ಕೆಲಸ, ವಂಶವೃಕ್ಷ. ಪ್ರೆಸ್ಸಿನಲ್ಲಿ ಉಳಿದ ಕಾಗದದ ತುಂಡುಗಳನ್ನು ಅಂಟಿಸಿ ಸೀರೆಯಷ್ಟು ಉದ್ದದ ಸುರುಳಿ ಮಾಡಿದ್ದರು. ಅದರ ತುದಿಯಲ್ಲಿ ಐರ್ಲೆಂಡಿನ ಡೆವರೇನ್ ಮನೆತನ. ಸಮುದ್ರದ ದಂಡೆಯಲ್ಲಿ ಕೋಟೆ, ಜಮೀನು ಇದ್ದ ಕುಲೀನರು. ಇಂಗ್ಲಿಷರು ಗೆದ್ದ ಮೇಲೆ ಕೋಟೆ ಹೋಯಿತು. ಕಥೋಲಿಕರಾದ್ದರಿಂದ ತಮ್ಮ ನೆಲದಲ್ಲೇ ಕತ್ತಿ ಹಿಡಿಯುವ ಹಕ್ಕೂ ಹೋಯಿತು. ಗಂಡುಮಕ್ಕಳು ಹಡಗು ಹತ್ತಿ ಪರದೇಶದ ದೊರೆಗಳ ಸೈನ್ಯ ಸೇರಿದರು. ಒಬ್ಬ ಸ್ಪೇನಿಗೆ, ಒಬ್ಬ ಆಸ್ಟ್ರಿಯಾಕ್ಕೆ, ಮಿಕ್ಕವರು ಫ್ರಾನ್ಸಿಗೆ. ಅವರ ಮಕ್ಕಳು, ಮೊಮ್ಮಕ್ಕಳೂ ಹಾಗೆಯೇ. ಅವರಲ್ಲಿ ಪ್ಯಾಟ್ರಿಕ್ ಎನ್ನುವವನು ಫ್ರೆಂಚರ ಪಡೆಯೊಂದಿಗೆ ಪುದುಚೇರಿಗೆ ಬಂದು, ಅಲ್ಲಿಂದ ಶ್ರೀರಂಗಪಟ್ಟಣದ ಸುಲ್ತಾನರ ಫಿರಂಗಿ ದಳ ಸೇರಿ, ಅಲ್ಲಿಯದೇ ಒಂದು ಹಳ್ಳಿಯ ಹುಡುಗಿಯನ್ನು ಮದುವೆಯಾದ. ಕೋಟೆ ಬಿದ್ದ ಮೇಲೆ ಅವನ ಮಕ್ಕಳು ಬೆಂಗಳೂರು ಪೇಟೆಗೆ ಬಂದರು. ಅವರೇ ನಾವು ಎನ್ನುವುದು ಚಿಕ್ಕಪ್ಪನ ವಾದ.

ಆ ಮನೆತನದ ಬಗ್ಗೆ ಐರ್ಲೆಂಡಿನಲ್ಲಿ ಅಚ್ಚಾದ ಹಳೆಯ ಪುಸ್ತಕದ ಝೆರಾಕ್ಸ್ ಅವರ ಬಳಿ ಇತ್ತು. ಅದರಲ್ಲಿ ಪ್ಯಾಟ್ರಿಕನ ಹೆಸರಿನ ಮುಂದೆ, "ಹಿಂದೂಸ್ತಾನದಲ್ಲಿ ತೀರಿಕೊಂಡ, ಸಂತಾನವಿಲ್ಲ" ಎಂದಿತ್ತು. ಆ ಎರಡನೆಯ ಮಾತು ಸುಳ್ಳೆಂದು ತೋರಿಸಲು ಚಿಕ್ಕಪ್ಪ ಇಪ್ಪತ್ತು ವರ್ಷ ಚರ್ಚುಗಳ ಜ್ಞಾನಸ್ನಾನದ ದಾಖಲೆಗಳ ಧೂಳು ಕುಡಿದಿದ್ದರು. ಅತ್ತೆಗೆ ಅದೆಲ್ಲ ತಮಾಷೆ. "ಏನಪ್ಪಾ ದೊರೆ, ಕೋಟೆ ಬಾಡಿಗೆ ಬಂತಾ?" ಎನ್ನುವರು. ಟ್ಯಾಂಕರ್ ಬಂದರೆ, "ಲೂಯಿಸೂ, ನಿಮ್ ಸಿಪಾಯಿಗಳ್ನ ಕಳಿಸಪ್ಪ, ಬಿಂದಿಗೆ ಹಿಡೀಲಿ" ಎಂದು ಮಹಡಿಗೆ ಕೂಗುವರು. ನನಗೆ ಮಾತ್ರ ಆ ಸುರುಳಿಯನ್ನು ಕಂಡರೆ ಆಗುತ್ತಿರಲಿಲ್ಲ. ಅದರ ಕೆಳತುದಿಯಲ್ಲಿ ವಿನ್ಸೆಂಟರ ಹೆಸರಿನ ಅಡಿ ಪೆನ್ಸಿಲಿನಲ್ಲಿ ಅದೇ ಮಾತು ಬರೆದದ್ದನ್ನು ಒಮ್ಮೆ ನೋಡಿದ್ದೆ. ಸಂತಾನವಿಲ್ಲ. ನನ್ನ ಹೆಸರೂ ಅಲ್ಲಿರಲಿಲ್ಲ. ಹೆಣ್ಣುಮಕ್ಕಳನ್ನು ಚಿಕ್ಕಪ್ಪ ಬರೆಯುತ್ತಲೇ ಇರಲಿಲ್ಲ. "ವಂಶ ಅಂದ್ರೆ ಗಂಡುಸಾಲು ಕಣಮ್ಮ, ಪದ್ಧತಿ ಹಾಗೇ" ಎನ್ನುತ್ತಿದ್ದರು.

ಜೂನ್ ಎರಡನೇ ವಾರದ ಒಂದು ಮಧ್ಯಾಹ್ನ ಆಸ್ಪತ್ರೆಯಲ್ಲಿ ಚಿಕ್ಕಪ್ಪನ ಪಾಳಿ. ನಾನೂ ಮನೆಗೆ ಹೋಗದೆ ಅಲ್ಲೇ ಇದ್ದೆ. ವಿನ್ಸೆಂಟ್ ಸಣ್ಣ ದನಿಯಲ್ಲಿ, "ಚಿಕ್ಕಪ್ಪ, ದೊರೆಗಳ ಕತೆ ಓದಿ. ಫ್ಯಾನ್ ನೋಡಿ ನೋಡಿ ಸಾಕಾಯ್ತು" ಎಂದರು. ಹಾಗೆ ಅವರನ್ನು ಕೇಳಿದವರು ಜೀವಮಾನದಲ್ಲಿ ಯಾರೂ ಇಲ್ಲ. ಚಿಕ್ಕಪ್ಪ ಮನೆಗೆ ಓಡಿಹೋಗಿ ಸುರುಳಿ, ಝೆರಾಕ್ಸ್ ಎರಡನ್ನೂ ತಂದು ಸುರುಳಿ ಬಿಚ್ಚಿ ಓದತೊಡಗಿದರು. ಇಂಥವನು ಸ್ಪೇನ್ ದೊರೆಯ ಸೇವೆಯಲ್ಲಿ ಕ್ಯಾಪ್ಟನ್, ವೀರಮರಣ. ಅವನ ತಮ್ಮ ಆಸ್ಟ್ರಿಯಾದ ಸೇವೆಯಲ್ಲಿ ಮೇಜರ್, ವೀರಮರಣ. ಅವನ ಮಗ ಫ್ರಾನ್ಸಿನಲ್ಲಿ, ವೀರಮರಣ.

"ಎಲ್ರೂ ಯುದ್ಧದಲ್ಲೇ ಸತ್ರಾ ಚಿಕ್ಕಪ್ಪ? ಒಬ್ಬನಿಗೂ ಜ್ವರ ಬರ್ಲಿಲ್ವಾ?" ಎಂದು ವಿನ್ಸೆಂಟ್ ನಕ್ಕರು. ನಕ್ಕು ಕೆಮ್ಮು ಬಂತು. ಕೆಮ್ಮಿ ಸುಸ್ತಾಗಿ ಕಣ್ಣು ಮುಚ್ಚಿದರು.

ಅವರು ನಿದ್ದೆ ಹೋದ ಮೇಲೆ ನಾನು ಹೊತ್ತು ಕಳೆಯಲು ಝೆರಾಕ್ಸ್ ಕೈಗೆತ್ತಿಕೊಂಡೆ. ಇಂಗ್ಲಿಷಿನಲ್ಲಿ ಸಣ್ಣ ಅಕ್ಷರ. ಚಿಕ್ಕಪ್ಪ ಓದಿದ ಕ್ಯಾಪ್ಟನ್ ಸಿಕ್ಕಿದ. ಅವನ ಹೆಸರಿನ ಮುಂದೆ ಯುದ್ಧವಿರಲಿಲ್ಲ. ನಲವತ್ತೇಳನೇ ವಯಸ್ಸಿನಲ್ಲಿ ಜಲೋದರದಿಂದ ತೀರಿಕೊಂಡ ಎಂದಿತ್ತು. ಆಸ್ಟ್ರಿಯಾದ ಮೇಜರ್ ತೀರದ ಬಾಯಾರಿಕೆಯಿಂದ ಸೊರಗಿ, ಸೇವೆ ಬಿಟ್ಟು, ಐವತ್ತು ತುಂಬುವ ಮೊದಲೇ ಸತ್ತ. ಮೂರನೆಯವನ ಬಗ್ಗೆ ಅವನ ಮೇಲಧಿಕಾರಿ ಬರೆದ ಕಾಗದವೊಂದರ ಎರಡು ಸಾಲು: ಎರಡು ಚಳಿಗಾಲ ಹಿಮದಲ್ಲೇ ಕಳೆದರೂ ಇವನ ಮೈ ಮರುಭೂಮಿಯವರ ಹಾಗೆ ಕಂದಿದೆ, ಬೆರಳು ಊದಿ ಕುದುರೆಯ ಲಗಾಮು ಹಿಡಿಯಲಾರ.

ನಾನು ಹಾಸಿಗೆಯ ಕಡೆ ನೋಡಿದೆ. ಬಿಳಿ ಹೊದಿಕೆಯ ಮೇಲೆ ವಿನ್ಸೆಂಟರ ಕೈ ಇತ್ತು. ಕಂದಿದ ಕೈ. ಊದಿದ ಎರಡು ಗೆಣ್ಣು.

ಚಿಕ್ಕಪ್ಪನನ್ನು ಕಾರಿಡಾರಿಗೆ ಕರೆದೆ.

"ಚಿಕ್ಕಪ್ಪ, ಇಲ್ಲಿ ಬೇರೆ ಇದೆ. ಇವನು ಹೊಟ್ಟೇಲಿ ನೀರು ತುಂಬಿ ಸತ್ತ ಅಂತಿದೆ. ನೀವು ವೀರಮರಣ ಅಂತ ಬರ್ದಿದೀರಾ."

ಅವರು ಕನ್ನಡಕ ತೆಗೆದು ಒರೆಸತೊಡಗಿದರು. "ಸಿಪಾಯಿ ಆದವನು ಹಾಸಿಗೇಲಿ ಸತ್ತ ಅಂತ ಹೆಂಗಮ್ಮ ಬರೆಯೋದು? ಸೈನ್ಯದಲ್ಲಿದ್ದಾಗ್ಲೇ ತಾನೇ ಸತ್ತಿದ್ದು. ಅದಕ್ಕೇ ಸ್ವಲ್ಪ..."

"ಎಷ್ಟು ಜನಕ್ಕೆ ಹಿಂಗೆ ಬರ್ದಿದೀರಾ?"

"ಒಂದ್ ಆರೇಳು ಜನ."

"ಮಾವ ಹೆಂಗೆ ಸತ್ರು?"

ಅವರು ತಟ್ಟನೆ ತಲೆ ಎತ್ತಿದರು. "ಅಣ್ಣನಾ? ಊರಿಗೇ ಗೊತ್ತಲ್ಲ."

"ಅವರು ಕುಡಿದದ್ದು ನೀವು ನೋಡಿದೀರಾ?"

"ನಾನು ನೋಡಿಲ್ಲ" ಎಂದರು ಕೊನೆಗೆ. "ಯಾರೂ ನೋಡಿಲ್ಲ ಕಣಮ್ಮ. ಡಾಕ್ಟ್ರು ಹೇಳಿದ್ರು. ಕದ್ದು ಕುಡೀತಾನೆ ಅಂದ್ಕೊಂಡ್ವಿ. ನಾನೇ ಒಂದಿನ ಅವನ ಬೀರು ತೆಗೆದು ಬಾಟ್ಲಿ ಹುಡುಕ್ದೆ. ಇರ್ಲಿಲ್ಲ. ಬೇರೆಲ್ಲೋ ಬಚ್ಚಿಟ್ಟಿದಾನೆ ಅಂದ್ಕೊಂಡೆ."

ಅವರ ಕೈಯಿಂದ ಕನ್ನಡಕ ಜಾರಿತು. ನಾನೇ ಎತ್ತಿಕೊಟ್ಟೆ. ಔಷಧಿ ಚೀಟಿಯ ಹಿಂಬದಿಯಲ್ಲಿ ಏಳು ಜನರ ವಯಸ್ಸು, ಅವರಿಗಿದ್ದ ತೊಂದರೆ ಬರೆದೆ. ಎಂಟನೆಯದಾಗಿ ಮಾವನದು. ಒಂಬತ್ತನೆಯ ಸಾಲು ಖಾಲಿ ಬಿಟ್ಟೆ. ಅಲ್ಲಿ ಹೆಸರು ಬರೆಯಲು ಕೈ ಬರಲಿಲ್ಲ.

ಸಂಜೆ ರೌಂಡಿಗೆ ಬಂದವರು ಇನ್ನೂ ಓದುತ್ತಿದ್ದ ಕಿರಿಯ ಡಾಕ್ಟರು. ನಿದ್ದೆಗೆಟ್ಟ ಕಣ್ಣಿನ ಹುಡುಗಿ. ಚೀಟಿ ಕೈಗಿಟ್ಟೆ. ಹುಚ್ಚಿ ಅಂದುಕೊಳ್ಳುತ್ತಾಳೆ ಎಂದು ಗೊತ್ತಿತ್ತು. ಅವಳು ನಿಂತಲ್ಲೇ ಓದಿದಳು.

"ಇವರೆಲ್ಲ ಯಾರು?"

"ನಮ್ಮನೆಯವರ ಪೂರ್ವಜರು. ಐರ್ಲೆಂಡಿನವರು."

"ಐರಿಶ್?" ಅವಳ ದನಿ ಬದಲಾಯಿತು. ಫೈಲ್ ತೆರೆದು ಹಳೆಯ ರಿಪೋರ್ಟುಗಳನ್ನು ಹಿಂದೆ ಮುಂದೆ ತಿರುವಿದಳು. ವಿನ್ಸೆಂಟರ ಬೆರಳು ಒತ್ತಿ ನೋಡಿದಳು. ಆಮೇಲೆ ಕೇಳಿದಳು: "ಮೇಡಂ, ಇವರಿಗೆ ಮನೇಲಿ ಯಾರಾದ್ರೂ ಐರನ್ ಟಾನಿಕ್ ಏನಾದ್ರೂ ಕೊಡ್ತಿದೀರಾ?"

ನನ್ನ ಚೀಲದಲ್ಲಿ ಬಾಟಲಿ ಇತ್ತು. ತೆಗೆದು ತೋರಿಸಿದೆ. ಅವಳು ಬೈಯಲಿಲ್ಲ. ಬಾಟಲಿಯನ್ನು ನನ್ನ ಕೈಯಿಂದ ನಿಧಾನವಾಗಿ ಬಿಡಿಸಿಕೊಂಡು ತನ್ನ ಕೋಟಿನ ಜೇಬಿಗೆ ಹಾಕಿಕೊಂಡಳು. ಬೈದಿದ್ದರೆ ಚೆನ್ನಾಗಿತ್ತು.

ಅವಳು ಹೇಳಿದ್ದು ಇಷ್ಟು. ಊಟದ ಕಬ್ಬಿಣದಲ್ಲಿ ಬೇಕಾದಷ್ಟನ್ನು ಮಾತ್ರ ತೆಗೆದುಕೊಂಡು ಮಿಕ್ಕದ್ದನ್ನು ಬಿಡುವುದು ಮೈಯ ಸ್ವಭಾವ. ಕೆಲವರ ಮೈಗೆ ಬಿಡುವುದು ಗೊತ್ತಿಲ್ಲ. ಸಿಕ್ಕಿದ್ದನ್ನೆಲ್ಲ ಹೀರಿ ಲಿವರಿನಲ್ಲಿ, ಹೃದಯದಲ್ಲಿ, ಗೆಣ್ಣುಗಳಲ್ಲಿ, ಚರ್ಮದಲ್ಲಿ ತುಂಬಿಕೊಳ್ಳುತ್ತದೆ. ಅದು ಹುಟ್ಟಿನಿಂದ ಬರುವ ದೋಷ. ನಮ್ಮ ಜನರಲ್ಲಿ ಈ ಬಗೆಯದು ತೀರಾ ಅಪರೂಪ, ಆದ್ದರಿಂದ ಯಾರಿಗೂ ಹೊಳೆದಿಲ್ಲ. ಐರಿಶ್ ಜನರಲ್ಲಿ ಮನೆಮನೆಗೂ ಇದೆ. "ಈ ಸೋಲ್ಜರ್‌ಗಳಿಗೆ ಇದೇ ಇತ್ತು ಅಂತ ಯಾರೂ ಪ್ರೂವ್ ಮಾಡಕ್ಕಾಗಲ್ಲ ಮೇಡಂ. ಆದ್ರೆ ಈ ಚೀಟಿ ನೋಡದೇ ಇದ್ದಿದ್ರೆ ನಾನು ಈ ಟೆಸ್ಟ್ ಬರೀತಾನೇ ಇರ್ಲಿಲ್ಲ."

ಹೊರಡುವಾಗ ಮೆಲ್ಲನೆ ಕೇಳಿದಳು, "ಮಕ್ಕಳು?"

"ಇಲ್ಲ."

"ಅದೂ ಇದರಿಂದ್ಲೇ ಇರಬಹುದು. ಗಂಡಸರಲ್ಲಿ ಆಗುತ್ತೆ."

ಹದಿನೇಳು ವರ್ಷ ನಾನು ಹೊತ್ತ ಹರಕೆಗಳು, ನನ್ನ ಹೊಟ್ಟೆಯ ಮೇಲೆ ಮಾಡಿಸಿದ ಪರೀಕ್ಷೆಗಳು, ಅತ್ತೆ ಆಡಿದ ಆಡದ ಮಾತುಗಳು ಎಲ್ಲ ಆ ಕಾರಿಡಾರಿನಲ್ಲಿ ಒಮ್ಮೆಲೇ ನನ್ನ ಮುಂದೆ ನಿಂತವು. ಅವನ್ನು ನೋಡಲು ನನಗೆ ಪುರುಸೊತ್ತಿರಲಿಲ್ಲ. ವಿನ್ಸೆಂಟ್ ಬದುಕಬೇಕಿತ್ತು.

ಹೃದಯ, ಲಿವರುಗಳ ಸ್ಕ್ಯಾನ್ ಮಾಡಿಸಿದರು. ಎರಡೂ ಕಬ್ಬಿಣ ತುಂಬಿ ಕಪ್ಪಾಗಿ ಕಂಡವು. ವಂಶವಾಹಿ ಪರೀಕ್ಷೆಯ ಫಲಿತಾಂಶಕ್ಕೆ ಹನ್ನೆರಡು ದಿನ ಕಾಯಬೇಕಿತ್ತು. ಅಷ್ಟು ಕಾಯುವ ಸ್ಥಿತಿ ಇರಲಿಲ್ಲ. ಚಿಕಿತ್ಸೆ ಕೇಳಿ ನಾನು ಬೆಚ್ಚಿದೆ. ರಕ್ತ ತೆಗೆಯುವುದು. ವಾರವಾರ, ಸ್ವಲ್ಪ ಸ್ವಲ್ಪವಾಗಿ. ರಕ್ತದ ಜೊತೆ ಕಬ್ಬಿಣವೂ ಹೋಗುತ್ತದೆ. ಆದರೆ ಹೃದಯ ಇಷ್ಟು ಸೋತಿರುವಾಗ ತೆಗೆಯುವಾಗಲೇ ನಿಂತರೂ ನಿಲ್ಲಬಹುದು ಎಂದು ದೊಡ್ಡ ಡಾಕ್ಟರು ಸಹಿಯ ಕಾಗದ ಮುಂದಿಟ್ಟರು.

ಅತ್ತೆ ವಾರ್ಡಿನ ಬಾಗಿಲಿಗೆ ಅಡ್ಡ ನಿಂತುಬಿಟ್ಟರು. "ರಕ್ತ ಇಲ್ದೋನ ರಕ್ತ ತೆಗೀತಾರಂತೆ! ಸಾಯಿಸ್ಬೇಕು ಅಂತಿದೀರೇನೇ? ಸಹಿ ಹಾಕಿದ್ರೆ ನಿನ್ ಮುಖ ನೋಡಲ್ಲ."

"ಅತ್ತೆ, ಅವರಿಗೆ ರಕ್ತ ಕಮ್ಮಿ ಇಲ್ಲ. ಯಾವತ್ತೂ ಇರ್ಲಿಲ್ಲ. ನಾವೇ ಅಂದ್ಕೊಂಡಿದ್ದು."

"ನಾನ್ ಹೆತ್ತಿರೋದು, ನಂಗೊತ್ತಿಲ್ವಾ?"

"ನಾನು ಟಾನಿಕ್ ಕುಡಿಸಿದ್ದು ಅತ್ತೆ. ನಾನೇ. ಎರಡು ವರ್ಷ. ಅದನ್ನ ವಾಪಸ್ ತೆಗೀಬೇಕು. ಬಿಡಿ ದಾರಿ." ನನ್ನ ದನಿ ಹಾಗೆ ಏರಿದ್ದನ್ನು ನಾನೇ ಮೊದಲ ಸಲ ಕೇಳಿದೆ. ಆಮೇಲೆ ಒಳಗಿದ್ದದ್ದು ಬಾಯಿಂದ ಬಿತ್ತು. "ಮಾವ ಕುಡೀತಿರ್ಲಿಲ್ಲ ಅತ್ತೆ. ಅವರಿಗೂ ಇದೇ ಇತ್ತೇನೋ."

ಅವರ ಕೈ ಬಾಗಿಲಿನಿಂದ ತಾನಾಗಿ ಇಳಿಯಿತು. ಬೆಂಚಿನ ಮೇಲೆ ಕೂತರು. ಇಪ್ಪತ್ತೆರಡು ವರ್ಷ ಅವರು ಗಂಡನ ಸಮಾಧಿಗೆ ಹೂ ಇಡುವಾಗಲೂ ತಲೆ ತಗ್ಗಿಸಿಕೊಂಡು ಹೋಗಿ ಬಂದವರು. "ನಾನು ಕೊನೆ ದಿನ ಕೂಡ ಅವರ ಬಾಯಿ ಮೂಸಿ ನೋಡ್ದೆ ಕಣೇ" ಎಂದರು. ನಾನು ಸಹಿ ಹಾಕಿದೆ.

ಮೊದಲ ಸಲ ರಕ್ತ ತೆಗೆದ ಆ ನಲವತ್ತು ನಿಮಿಷ ನಾನು ಮಾನಿಟರಿನ ಹಸಿರು ಗೆರೆಯನ್ನೇ ನೋಡುತ್ತ ನಿಂತಿದ್ದೆ. ಚೀಲಕ್ಕೆ ಇಳಿಯುತ್ತಿದ್ದ ರಕ್ತ ಗಟ್ಟಿ, ಕಪ್ಪು. ಇಪ್ಪತ್ತೈದನೇ ನಿಮಿಷಕ್ಕೆ ಗೆರೆ ತೊದಲಿತು. ಸಿಸ್ಟರ್ ಕ್ಲಿಪ್ ಹಾಕಿ ನಿಲ್ಲಿಸಿ, ಡಾಕ್ಟರ ಮುಖ ನೋಡಿದರು. ಅವರು ಕೈ ಎತ್ತಿ ಕಾಯಿರಿ ಎಂದರು. ಗೆರೆ ಮತ್ತೆ ಲಯಕ್ಕೆ ಬಂತು. ಕಾಯುವಿಕೆಯ ಆ ಎರಡು ನಿಮಿಷವನ್ನು ನಾನು ಇಂದಿಗೂ ದಾಟಿಲ್ಲ. ಬಸ್ಸಿನಲ್ಲಿ, ಅಡುಗೆಮನೆಯಲ್ಲಿ, ಪ್ರೂಫ್ ನೋಡುವಾಗ ಇದ್ದಕ್ಕಿದ್ದಂತೆ ಅಲ್ಲಿ ನಿಂತಿರುತ್ತೇನೆ.

ವಂಶವಾಹಿ ಪರೀಕ್ಷೆಯಲ್ಲಿ ಅದೇ ಕಾಯಿಲೆ ಎಂದು ಖಚಿತವಾದ ದಿನ ಕಿರಿಯ ಡಾಕ್ಟರ್ ಹೇಳಿದಳು: ಈ ದೋಷ ತಂದೆ ತಾಯಿ ಇಬ್ಬರಿಂದಲೂ ಬಂದರೆ ಮಾತ್ರ ಕಾಯಿಲೆ. ಅತ್ತೆಗೆ ಸಿಟ್ಟು ಬಂತು. "ನನ್ ಕಡೆಯಿಂದ ಎಲ್ಲಿಂದ ಬರುತ್ತೆ? ದೊರೆ ವಂಶದೋರು ಅವರಲ್ವಾ?"

ಚಿಕ್ಕಪ್ಪ ಗೋಡೆ ನೋಡುತ್ತ ಹೇಳಿದರು, "ಅತ್ತಿಗೆ, ನಿಮ್ಮವ್ವ ನಮ್ಮಪ್ಪನ ತಂಗಿ."

ಅದನ್ನು ಯಾರೂ ಮರೆತದ್ದಲ್ಲ, ಕಾಯಿಲೆಗೆ ಜೋಡಿಸಿ ನೋಡಿರಲಿಲ್ಲ ಅಷ್ಟೇ. ಸೋದರತ್ತೆ ಮಗಳನ್ನು ತರುವುದು ನಮ್ಮಲ್ಲಿ ರೂಢಿ. ಚರ್ಚಿನಿಂದ ವಿಶೇಷ ಅನುಮತಿ ಪಡೆದು ಆ ಮದುವೆ ಮಾಡಿದ್ದರು. ಅದಕ್ಕೂ ಹಿಂದಿನ ತಲೆಮಾರುಗಳಲ್ಲಿ ಹಾಗೆಯೇ ಇನ್ನೆರಡು ಮದುವೆ. ಸುರುಳಿಯಲ್ಲಿ ಹೆಣ್ಣುಮಕ್ಕಳೇ ಇಲ್ಲದ್ದರಿಂದ, ಒಂದೇ ರಕ್ತ ಎರಡು ದಾರಿಯಲ್ಲಿ ಬಂದು ವಿನ್ಸೆಂಟರಲ್ಲಿ ಕೂ‍ಡಿದ್ದು ಅದನ್ನು ನೋಡಿದ ಯಾರಿಗೂ ಕಾಣುತ್ತಿರಲಿಲ್ಲ.

ಅತ್ತೆ, "ಹಂಗಾದ್ರೆ ನಾನೂ ದೊರೆಮನೆಯೋಳೇ" ಎಂದರು. "ಇಪ್ಪತ್ತು ವರ್ಷದಿಂದ ಗೀಚ್ತಿದೀಯಲ್ಲೋ ಲೂಯಿಸೂ, ನಮ್ಮವ್ವನ ಹೆಸರೆಲ್ಲಿ? ಬರಿ ಈಗ."

ಆ ಜುಲೈ ತುಂಬಾ ಜಡಿಮಳೆ. ಮನೆಯ ಊಟದ ಮೇಜಿನ ಮೇಲೆ ಸುರುಳಿ ಬಿಚ್ಚಿ, ಅತ್ತೆ ಹೇಳಿದ ಹೆಸರುಗಳನ್ನು ಚಿಕ್ಕಪ್ಪ ಬರೆದರು. ಜೂಲಿಯಮ್ಮ, ಆರೋಗ್ಯಮ್ಮ, ರೋಸಮ್ಮ. ಜಾಗ ಸಾಲದೆ ಪಕ್ಕಕ್ಕೆ ಹೊಸ ಕಾಗದ ಅಂಟಿಸಬೇಕಾಯಿತು. ಏಳು ಕಡೆ ವೀರಮರಣ ಎಂದಿದ್ದನ್ನು ಒಂದೊಂದಾಗಿ ಹೊಡೆದುಹಾಕಿ, ಪುಸ್ತಕದಲ್ಲಿ ಇದ್ದದ್ದನ್ನು ಇದ್ದ ಹಾಗೆ ಬರೆದರು. ಪ್ರತಿಯೊಂದು ಗೀಟಿಗೂ ಅವರ ಮುಖ ಸಣ್ಣದಾಗುತ್ತಿತ್ತು. ಅಣ್ಣನ ಹೆಸರಿಗೆ ಬಂದಾಗ ಪೆನ್ನು ನಿಂತಿತು.

"ಏನು ಬರೀಲಿ ಅತ್ತಿಗೆ?"

"ಕುಡೀತಿರ್ಲಿಲ್ಲ ಅಂತ ಬರಿ" ಎಂದರು ಅತ್ತೆ. "ಅಷ್ಟೇ ಬರಿ. ದಪ್ಪಕ್ಷರದಲ್ಲಿ ಬರಿ."

ಚಿಕ್ಕಪ್ಪನ ರಕ್ತದಲ್ಲೂ ದೋಷದ ಒಂದು ಪಾಲು ಸಿಕ್ಕಿತು; ಕಾಯಿಲೆಯಾಗುವಷ್ಟಲ್ಲ. ಎಲ್ಲರೂ ನೆಮ್ಮದಿಯ ಉಸಿರು ಬಿಟ್ಟರೆ ಅವರಿಗೆ ಒಳಗೊಳಗೇ ಹೆಮ್ಮೆ. ಆ ರಿಪೋರ್ಟಿನ ಪ್ರತಿಯನ್ನು ಐರ್ಲೆಂಡಿಗೆ, ಆ ಪುಸ್ತಕದ ಹೊಸ ಆವೃತ್ತಿ ಮಾಡುತ್ತಿದ್ದ ಮನೆತನದ ಮುದುಕಿಯೊಬ್ಬರಿಗೆ ಕಳಿಸಿದರು. ಅವರ ಉತ್ತರ ಎರಡೇ ಸಾಲು. ತನ್ನ ಇಬ್ಬರು ತಮ್ಮಂದಿರೂ ಮೂರು ತಿಂಗಳಿಗೊಮ್ಮೆ ರಕ್ತ ತೆಗೆಸಿಕೊಳ್ಳುತ್ತಾರೆ. ನಿಮ್ಮ ಹುಡುಗ ಹೇಗಿದ್ದಾನೆ?

ಹುಡುಗ ಹೇಗಿದ್ದಾನೆ ಎಂದು ಹೇಳುವ ಧೈರ್ಯ ನಮಗೆ ಇನ್ನೂ ಇರಲಿಲ್ಲ. ಮೈಯಲ್ಲಿ ಕೂಡಿದ ಕಬ್ಬಿಣದ ಲೆಕ್ಕ ಹೇಳುವ, ಮುನ್ನೂರರ ಒಳಗಿರಬೇಕಾದ ಫೆರಿಟಿನ್ ಆರು ಸಾವಿರದಲ್ಲಿತ್ತು. ಎರಡನೇ ಸಲ ಐದೂವರೆ. ಮೂರನೇ ಸಲಕ್ಕೆ ಏರಿತು. ಆ ದಿನ ನಾನು ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು, ವಿನ್ಸೆಂಟರಿಗೆ ಏನಾದರೂ ಆದರೆ ಡಾಕ್ಟರ ಜೇಬಿನಲ್ಲಿರುವ ಆ ಬಾಟಲಿಯನ್ನು ಕೇಳಿ ಪಡೆದು ನಾನೇ ಕುಡಿದುಬಿಡುತ್ತೇನೆ ಎಂದುಕೊಂಡೆ. ಹುಚ್ಚು ಯೋಚನೆ, ಅದರಿಂದ ನನಗೆ ಏನೂ ಆಗುತ್ತಿರಲಿಲ್ಲ. ಹಾಗೆಂದು ಗೊತ್ತಿದ್ದೂ ಯೋಚಿಸಿದೆ. ನಾಲ್ಕನೇ ಸಲ ನಾಲ್ಕು ಸಾವಿರ ಚಿಲ್ಲರೆ. ಆಗಸ್ಟ್ ಹೊತ್ತಿಗೆ ಕಾಲಿನ ಊತ ಇಳಿಯಿತು. ಒಂದು ಬೆಳಿಗ್ಗೆ ವಿನ್ಸೆಂಟ್ ತಾವೇ ಷರ್ಟಿನ ಮೇಲಿನ ಎರಡು ಗುಂಡಿ ಹಾಕಿಕೊಂಡು ನನ್ನ ಮುಂದೆ ಬಂದು ನಿಂತರು. ನಾನು ಅವರಿಗೆ ಟಾನಿಕ್ಕಿನ ವಿಷಯ ಅಂದೇ ಹೇಳಿದೆ. ಎಲ್ಲವನ್ನೂ, ನೆಲ್ಲಿಕಾಯಿಯನ್ನೂ ಸೇರಿಸಿ.

"ಗೊತ್ತು" ಎಂದರು. "ಆ ಡಾಕ್ಟರು ಹೇಳಿದ್ರು."

"ಯಾವಾಗ?"

"ಜೂನಲ್ಲೇ."

"ಮತ್ತೆ ಒಂದ್ ಮಾತೂ ಅನ್ಲಿಲ್ಲ?"

"ನೀನು ನಿದ್ದೆ ಮಾಡಿ ಎಷ್ಟು ದಿನ ಆಯ್ತು ಗೊತ್ತಾ? ನಿದ್ದೆ ಮಾಡಿದ ಮೇಲೆ ಬೈಯೋಣ ಅಂತಿದ್ದೆ."

ಬೈಯುವ ದಿನ ಬೇಗ ಬರಲಿಲ್ಲ. ಉಸಿರು ಎಣಿಸುವ ಚಟ ನನ್ನನ್ನು ಬಿಡಲಿಲ್ಲ. ಅವರು ಚೆನ್ನಾಗಿ ಉಸಿರಾಡಿದಷ್ಟೂ ನನಗೆ ಭಯ ಹೆಚ್ಚು.

ಹತ್ತನೇ ಸಲ ರಕ್ತ ತೆಗೆಸಿಕೊಂಡು ಬಂದದ್ದು ಸೆಪ್ಟೆಂಬರ್ ಮೊದಲ ಶನಿವಾರ. ಹೃದಯದ ಸ್ಕ್ಯಾನ್ ನೋಡಿ ದೊಡ್ಡ ಡಾಕ್ಟರು, "ಬಡಿತಕ್ಕೆ ಬಲ ಬಂದಿದೆ. ಇನ್ನು ಆರು ತಿಂಗಳ ಮಾತು ಮರ್ತುಬಿಡಿ" ಎಂದಿದ್ದರು. ಮನೆಗೆ ಬಂದು ಸಾರನ್ನ ಉಂಡೆವು. ವಿನ್ಸೆಂಟ್ ಮೂರು ದಿಂಬುಗಳಲ್ಲಿ ಎರಡನ್ನು ತೆಗೆದು ಕುರ್ಚಿಯ ಮೇಲಿಟ್ಟರು. ಒಂದರ ಮೇಲೆ ತಲೆಯಿಟ್ಟು ನೇರವಾಗಿ ಮಲಗಿದರು. ನಾನು ಪಕ್ಕದಲ್ಲಿ ಕೂತು ಎಣಿಸತೊಡಗಿದೆ. ಎಷ್ಟರವರೆಗೆ ಎಣಿಸಿದೆನೋ ಗೊತ್ತಿಲ್ಲ.

ಕಣ್ಣು ಬಿಟ್ಟಾಗ ಭಾನುವಾರದ ಬಿಸಿಲು ಗೋಡೆಯ ಅರ್ಧಕ್ಕೆ ಬಂದಿತ್ತು. ಮೊದಲ ಪೂಜೆ ಮುಗಿದುಹೋಗಿರಬೇಕು. ಗಾಬರಿಯಿಂದ ತಿರುಗಿದೆ. ವಿನ್ಸೆಂಟ್ ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದರು. ಕೋಣೆಯ ಬಾಗಿಲು ಅರ್ಧ ತೆರೆದಿತ್ತು. ಅತ್ತೆ ಚರ್ಚಿಗೆ ಹೋಗುವ ಸೀರೆಯುಟ್ಟು ಹೊಸ್ತಿಲ ಮೇಲೆ ಕೂತು, ಬಾಗಿಲಿಗೆ ಒರಗಿ, ಅವರೂ ನಿದ್ದೆ ಹೋಗಿದ್ದರು. ಮಹಡಿಯ ಮೆಟ್ಟಿಲು ಇಳಿದು ಬಂದ ಚಿಕ್ಕಪ್ಪ, "ಅತ್ತಿಗೆ, ಪೂಜೆಗೆ ಹೊತ್ತಾಯ್ತು" ಎಂದರು. ಅತ್ತೆ ಕಣ್ಣು ತೆರೆಯದೆಯೇ ಕೈ ಬೀಸಿದರು.

"ಹೋಗಪ್ಪ ಅತ್ಲಾಗೆ. ಮಕ್ಕಳು ಮಲಗಿದಾರೆ."